ವಿಮಾನಯಾನ ನಿರ್ವಹಣೆ ಮತ್ತು ಸುರಕ್ಷತೆಯಲ್ಲಿ ಸ್ನಾತಕೋತ್ತರ ಪದವಿ: ಆಯ್ಕೆಯಿಂದ ಪ್ರಬಂಧದವರೆಗೆ

ವಿಮಾನಯಾನ ಕ್ಷೇತ್ರದಲ್ಲಿ ಸ್ನಾತಕೋತ್ತರ ಪದವಿ ಮಾಡಬೇಕೆಂದವರು ಸಾಮಾನ್ಯವಾಗಿ ವಿಶ್ವವಿದ್ಯಾಲಯಗಳ ಪಟ್ಟಿ ಹಿಡಿದು ಹೊರಡುತ್ತಾರೆ. ಆ ಪಟ್ಟಿ ಸದ್ಯಕ್ಕೆ ಪಕ್ಕದಲ್ಲಿರಲಿ. ಮೊದಲು ಒಂದು ಅಪಘಾತದ ತನಿಖಾ ವರದಿಯನ್ನು ಓದಿ. ನಿರ್ವಹಣೆ, ಸುರಕ್ಷತೆ, ಮಾನವ ಅಂಶಗಳು, ವಿಮಾನದ ಹಾರಾಟಯೋಗ್ಯತೆ ಎಂದು ಬೇರೆ ಬೇರೆ ಹೆಸರಿನಲ್ಲಿ ಮಾರಾಟವಾಗುವ ಕೋರ್ಸುಗಳು ನಿಜವಾಗಿ ಯಾವ ಪ್ರಶ್ನೆಯ ಬೆನ್ನು ಹತ್ತಿವೆ ಎಂಬುದು ಯಾವ ಮಾಹಿತಿ ಪುಸ್ತಿಕೆಗಿಂತಲೂ ಚೆನ್ನಾಗಿ ಅಲ್ಲಿ ಕಾಣುತ್ತದೆ.

ಮೊದಲ ಹೆಜ್ಜೆ: ನಿಮ್ಮ ಪ್ರಶ್ನೆ ಯಾವುದು?

ನಾನು ಸೂಚಿಸುವುದು ಕೆನಡಾದ ಡ್ರೈಡನ್ ಅಪಘಾತದ ವರದಿಯನ್ನು. 1989ರ ಮಾರ್ಚ್ 10ರಂದು ಏರ್ ಒಂಟಾರಿಯೊ ಸಂಸ್ಥೆಯ ಫಾಕರ್ ಎಫ್-28 ವಿಮಾನವೊಂದು ಡ್ರೈಡನ್‌ನಿಂದ ಮೇಲೇರುತ್ತಿದ್ದಂತೆಯೇ ರನ್‌ವೇಯಾಚೆಯ ಕಾಡಿನಲ್ಲಿ ಬಿತ್ತು. ವಿಮಾನದಲ್ಲಿದ್ದ 69 ಜನರಲ್ಲಿ 24 ಮಂದಿ ಸತ್ತರು. ರೆಕ್ಕೆಗಳ ಮೇಲೆ ಹಿಮ ಕುಳಿತಿತ್ತು. ಕ್ಯಾಪ್ಟನ್ ಅದನ್ನು ತೆಗೆಸದೆ ಹೊರಟಿದ್ದರು. ಪತ್ರಿಕೆಯ ತಲೆಬರಹಕ್ಕೆ ಇಷ್ಟೇ ಸಾಕು. ಆದರೆ ನ್ಯಾಯಮೂರ್ತಿ ವರ್ಜಿಲ್ ಮೊಶಾನ್ಸ್‌ಕಿ ಅವರ ತನಿಖಾ ಆಯೋಗ ಅಲ್ಲಿಗೆ ನಿಲ್ಲಲಿಲ್ಲ.

ರೆಕ್ಕೆಯ ಹಿಮವನ್ನು ಏಕೆ ತೆಗೆಸಲಿಲ್ಲ? ಎಂಜಿನ್ ಚಾಲನೆಯಲ್ಲಿರುವಾಗ ಆ ಕೆಲಸ ಮಾಡುವಂತಿರಲಿಲ್ಲ. ಎಂಜಿನ್ ಏಕೆ ನಿಲ್ಲಿಸಲಿಲ್ಲ? ಅದನ್ನು ಮತ್ತೆ ಚಾಲೂ ಮಾಡಲು ಬೇಕಾದ ವಿಮಾನದ ಸಹಾಯಕ ವಿದ್ಯುತ್ ಘಟಕ ಕೆಟ್ಟಿತ್ತು, ದುರಸ್ತಿಯನ್ನು ಮುಂದೂಡಲಾಗಿತ್ತು. ಡ್ರೈಡನ್‌ನಲ್ಲಿ ನೆಲದಿಂದ ಚಾಲೂ ಮಾಡುವ ಉಪಕರಣವೂ ಇರಲಿಲ್ಲ. ಹಿಮ ಬೀಳುವಾಗ ಅಲ್ಲಿ ನಿಂತು ಇಂಧನ ತುಂಬಿಸುವ ಅಗತ್ಯವೇಕೆ ಬಂತು? ಹಿಂದಿನ ನಿಲ್ದಾಣದಲ್ಲಿ, ರದ್ದಾದ ಇನ್ನೊಂದು ಹಾರಾಟದ ಪ್ರಯಾಣಿಕರನ್ನು ಹತ್ತಿಸಿಕೊಂಡಿದ್ದರಿಂದ ತೂಕ ಹೆಚ್ಚಾಗಿತ್ತು. ಪ್ರಯಾಣಿಕರನ್ನು ಇಳಿಸೋಣ ಎಂಬುದು ಕ್ಯಾಪ್ಟನ್ ಅವರ ಅಭಿಪ್ರಾಯ; ಇಂಧನವನ್ನೇ ಇಳಿಸಿ ಎಂಬುದು ಸಂಸ್ಥೆಯ ನಿರ್ಧಾರ. ರೆಕ್ಕೆಯ ಮೇಲಿನ ಹಿಮ ಕ್ಯಾಬಿನ್ನಿನಲ್ಲಿದ್ದವರಿಗೆ ಕಾಣುತ್ತಿತ್ತು, ಆದರೆ ಮಾತು ಕಾಕ್‌ಪಿಟ್‌ಗೆ ತಲುಪಲಿಲ್ಲ. ಇವೆಲ್ಲದರ ಹಿಂದೆ, ವಿಮಾನಯಾನದ ಮೇಲಿನ ಸರ್ಕಾರಿ ನಿರ್ಬಂಧಗಳು ಸಡಿಲವಾದ ಕಾಲದಲ್ಲಿ ವೇಗವಾಗಿ ಬೆಳೆದ ಒಂದು ಸಂಸ್ಥೆ, ಅದರ ಮೇಲೆ ಸಾಕಷ್ಟು ಕಣ್ಣಿಡಲಾಗದ ನಿಯಂತ್ರಕರು. 1992ರಲ್ಲಿ ಬಂದ ಅಂತಿಮ ವರದಿಯಲ್ಲಿ ಒಟ್ಟು 191 ಶಿಫಾರಸುಗಳಿದ್ದವು.

ಓದುವಾಗ ನಿಮ್ಮ ಮನಸ್ಸು ಎಲ್ಲಿ ಸಿಕ್ಕಿಕೊಂಡಿತು ಎಂಬುದನ್ನು ಗಮನಿಸಿ. ದುರಸ್ತಿ ಮುಂದೂಡಿದ್ದು ಕಾಡಿದರೆ ನಿಮ್ಮ ದಾರಿ ಹಾರಾಟಯೋಗ್ಯತೆ ಮತ್ತು ದುರಸ್ತಿ ಎಂಜಿನಿಯರಿಂಗ್. ಇಂಧನವೋ ಪ್ರಯಾಣಿಕರೋ ಎಂಬ ಲೆಕ್ಕಾಚಾರ ಕಾಡಿದರೆ ವಾಯು ಸಾರಿಗೆ ನಿರ್ವಹಣೆ. ಕಂಡವರು ಏಕೆ ಬಾಯಿ ಬಿಡಲಿಲ್ಲ ಎಂಬುದು ಕಾಡಿದರೆ ಮಾನವ ಅಂಶಗಳು. ನಿಯಂತ್ರಕರು, ಸಂಸ್ಥೆ, ಮೇಲ್ವಿಚಾರಣೆ ಇವುಗಳ ನಡುವಿನ ಸಡಿಲ ಕೊಂಡಿಗಳು ಕಾಡಿದರೆ ಸುರಕ್ಷತಾ ನಿರ್ವಹಣೆ. ಯಾವುದೂ ಕಾಡದಿದ್ದರೆ ಅದನ್ನೂ ಒಂದು ಉತ್ತರವೆಂದೇ ತಿಳಿಯಿರಿ: ಈ ಕ್ಷೇತ್ರದ ಓದು ಬಹುಪಾಲು ಇಂಥದ್ದೇ, ವಿಮಾನ ನೋಡುವ ಸಂತೋಷ ಅದರಲ್ಲಿ ಬಹಳ ಕಡಿಮೆ.

ನನ್ನ ಮಟ್ಟಿಗೆ ಡ್ರೈಡನ್ ವರದಿ ಹೇಳುವುದು ಇನ್ನೂ ಒಂದಿದೆ. ಇಂಧನ ಇಳಿಸುವ ತೀರ್ಮಾನವನ್ನು ಹಣಕಾಸಿನ ತೀರ್ಮಾನ ಎನ್ನಬೇಕೋ ಸುರಕ್ಷತೆಯ ತೀರ್ಮಾನ ಎನ್ನಬೇಕೋ? ಎರಡೂ ಹೌದು. ಹಾಗಾಗಿ ನಿರ್ವಹಣೆಯನ್ನೂ ಸುರಕ್ಷತೆಯನ್ನೂ ಎರಡು ಬೇರೆ ಕಟ್ಟಡಗಳಲ್ಲಿ ಕಲಿಸುವ ಕೋರ್ಸಿಗಿಂತ, ಒಂದೇ ತರಗತಿಯಲ್ಲಿ ಎದುರುಬದುರಾಗಿಸುವ ಕೋರ್ಸು ಮೇಲು.

ಎರಡನೆಯ ಹೆಜ್ಜೆ: ಪದವಿಗಳ ವ್ಯತ್ಯಾಸ ತಿಳಿಯಿರಿ

ವಾಯು ಸಾರಿಗೆ ನಿರ್ವಹಣೆಯ ಎಂ.ಎಸ್ಸಿ.ಯಲ್ಲಿ ವಿಮಾನ ಸಂಸ್ಥೆಗಳ ಅರ್ಥಶಾಸ್ತ್ರ, ಮಾರ್ಗ ಯೋಜನೆ, ವಿಮಾನಗಳ ಖರೀದಿ ಮತ್ತು ಗುತ್ತಿಗೆ, ನಿಲ್ದಾಣಗಳ ಸ್ಲಾಟ್ (ಇಳಿಯುವ, ಏರುವ ಸಮಯ) ಹಂಚಿಕೆ, ವಾಯು ಕಾನೂನು ಇರುತ್ತವೆ. ವಿಮಾನಯಾನದ ಎಂ.ಬಿ.ಎ.ಯಲ್ಲಿ ಇವೇ ವಿಷಯಗಳ ತೆಳುವಾದ ಪದರದ ಮೇಲೆ ಸಾಮಾನ್ಯ ವಾಣಿಜ್ಯಾಡಳಿತ ಹೆಚ್ಚು. ಸುರಕ್ಷತೆಯ ಎಂ.ಎಸ್ಸಿ.ಯಲ್ಲಿ ಸುರಕ್ಷತಾ ನಿರ್ವಹಣಾ ವ್ಯವಸ್ಥೆ, ಅಪಘಾತ ತನಿಖೆ, ಲೆಕ್ಕಪರಿಶೋಧನೆಯ ಮಾದರಿಯ ಸುರಕ್ಷತಾ ತಪಾಸಣೆ, ದತ್ತಾಂಶ ವಿಶ್ಲೇಷಣೆ ಮುಖ್ಯ.

ಜಗತ್ತಿನಲ್ಲಿ ಈ ಓದಿಗೆ ಹೆಸರಾದ ಕೆಲವು ಕಡೆಗಳಿವೆ. ಇಂಗ್ಲೆಂಡಿನ ಕ್ರಾನ್‌ಫೀಲ್ಡ್ ವಿಶ್ವವಿದ್ಯಾಲಯಕ್ಕೆ ತನ್ನದೇ ವಿಮಾನ ನಿಲ್ದಾಣವಿದೆ. ವಾಯು ಸಾರಿಗೆ ನಿರ್ವಹಣೆಯ ಜೊತೆಗೆ ಅಪಘಾತ ತನಿಖೆಯ ಬೋಧನೆಗೂ ಅದು ಪ್ರಸಿದ್ಧ. ಅಮೆರಿಕದ ಎಂಬ್ರಿ-ರಿಡಲ್ ವಿಶ್ವವಿದ್ಯಾಲಯ ಫ್ಲಾರಿಡಾದ ಡೇಟೋನಾ ಬೀಚ್ ಮತ್ತು ಅರಿಜೋನಾದ ಪ್ರೆಸ್ಕಾಟ್‌ಗಳಲ್ಲಿದ್ದು, ದೂರಶಿಕ್ಷಣಕ್ಕೆ ಪ್ರತ್ಯೇಕ ವಿಭಾಗವನ್ನೇ ಇಟ್ಟುಕೊಂಡಿದೆ. ಫ್ರಾನ್ಸಿನ ಟುಲೂಸ್‌ನಲ್ಲಿರುವ ಎನಾಕ್ ಸರ್ಕಾರಿ ನಾಗರಿಕ ವಿಮಾನಯಾನ ವಿದ್ಯಾಲಯ; ಅಲ್ಲಿನ ಓದಿಗೆ ವಾಯು ಸಂಚಾರ ನಿಯಂತ್ರಣದ ಬಣ್ಣವಿರುತ್ತದೆ. ಲಂಡನ್ನಿನ ಸಿಟಿ ಸೇಂಟ್ ಜಾರ್ಜ್ಸ್ ವಿಶ್ವವಿದ್ಯಾಲಯದ ಕೋರ್ಸುಗಳು ಕೆಲಸದಲ್ಲಿರುವವರನ್ನು ಗಮನದಲ್ಲಿಟ್ಟುಕೊಂಡವು. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ಮಾನವ ಅಂಶಗಳು ಮತ್ತು ವ್ಯವಸ್ಥಾ ಸುರಕ್ಷತೆಯ ಪದವಿಯಲ್ಲಿ ವಿಮಾನದವರ ಪಕ್ಕದಲ್ಲಿ ಆಸ್ಪತ್ರೆ, ಅಣುಸ್ಥಾವರ, ಹಡಗುಗಳವರೂ ಕೂರುವುದುಂಟು. ಬೇರೆ ಕ್ಷೇತ್ರದವರೊಂದಿಗೆ ವಾದಿಸಿ ಕಲಿಯುವ ಮನಸ್ಸಿದ್ದವರಿಗೆ ಅದು ಒಳ್ಳೆಯ ಜಾಗ.

ಅವಧಿ ದೇಶದಿಂದ ದೇಶಕ್ಕೆ ಬೇರೆ. ಬ್ರಿಟನ್ನಿನಲ್ಲಿ ಪೂರ್ಣಾವಧಿ ಎಂ.ಎಸ್ಸಿ. ಒಂದು ವರ್ಷ, 180 ಕ್ರೆಡಿಟ್. ಯುರೋಪಿನ ಇತರ ಕಡೆ ಹೆಚ್ಚಾಗಿ ಎರಡು ವರ್ಷ, ಯುರೋಪಿನದೇ ಎಣಿಕೆಯಾದ ಇಸಿಟಿಎಸ್‌ನಲ್ಲಿ 120 ಕ್ರೆಡಿಟ್. ಅಮೆರಿಕದಲ್ಲಿ ಸಾಮಾನ್ಯವಾಗಿ 30ರಿಂದ 36 ಕ್ರೆಡಿಟ್ ಗಂಟೆ. ಒಂದು ವರ್ಷದ ಕೋರ್ಸು ಅಗ್ಗವಾಗಿ ಕಾಣುತ್ತದೆ, ಆದರೆ ಪ್ರಬಂಧಕ್ಕೆ ಸಿಗುವುದು ಕೊನೆಯ ಮೂರು-ನಾಲ್ಕು ತಿಂಗಳು ಮಾತ್ರ. ವಿಷಯ ಮೊದಲೇ ಗೊತ್ತಿಲ್ಲದವರು ಅಲ್ಲಿ ಉಸಿರುಗಟ್ಟುತ್ತಾರೆ.

ಇನ್ನೊಂದನ್ನು ಖಡಾಖಂಡಿತವಾಗಿ ಹೇಳಬೇಕು. ಈ ಪದವಿ ಯಾವ ಪರವಾನಗಿಯನ್ನೂ ಕೊಡುವುದಿಲ್ಲ. ಪೈಲಟ್, ವಾಯು ಸಂಚಾರ ನಿಯಂತ್ರಕ, ವಿಮಾನ ದುರಸ್ತಿ ಎಂಜಿನಿಯರ್ ಆಗಲು ಬೇರೆಯದೇ ತರಬೇತಿ, ಬೇರೆಯದೇ ಪರೀಕ್ಷೆ. ಇದನ್ನು ಮಸುಕಾಗಿಸಿ ಜಾಹೀರಾತು ಕೊಡುವ ಸಂಸ್ಥೆಯ ಬಾಗಿಲಲ್ಲೇ ಹಿಂದಿರುಗಿ.

ಮೂರನೆಯ ಹೆಜ್ಜೆ: ಪಠ್ಯಕ್ರಮದ ಒಳಗೆ ಇಣುಕಿ

ಪಠ್ಯವಿಷಯಗಳ ಹೆಸರುಗಳು ಎಲ್ಲ ಕಡೆಯೂ ಒಂದೇ ರೀತಿ ಇರುತ್ತವೆ. ಹೆಸರು ಬಿಟ್ಟು ಮೌಲ್ಯಮಾಪನ ನೋಡಿ: ಬರಿಯ ಲಿಖಿತ ಪರೀಕ್ಷೆಯೇ, ಇಲ್ಲ ನಿಜವಾದ ವರದಿಯೊಂದನ್ನು ವಿಶ್ಲೇಷಿಸಿ ಬರೆಯಬೇಕೆ? ಸಂಖ್ಯಾಶಾಸ್ತ್ರ ಕಡ್ಡಾಯವೇ? ಸುರಕ್ಷತೆಯ ಕೋರ್ಸಿನಲ್ಲಿ ಸಂಖ್ಯಾಶಾಸ್ತ್ರವಿಲ್ಲದಿದ್ದರೆ ಅದನ್ನು ಆರಿಸಿಕೊಳ್ಳಬೇಡಿ ಎಂಬುದು ನನ್ನ ನೇರ ಸಲಹೆ. ಬೋಧಕರಲ್ಲಿ ತನಿಖಾ ಸಂಸ್ಥೆ, ವಿಮಾನ ಸಂಸ್ಥೆ, ನಿಯಂತ್ರಣ ಪ್ರಾಧಿಕಾರಗಳಲ್ಲಿ ದುಡಿದವರು ಇದ್ದಾರೆಯೇ ನೋಡಿ. ಹಿಂದಿನ ವಿದ್ಯಾರ್ಥಿಗಳ ಪ್ರಬಂಧಗಳ ಶೀರ್ಷಿಕೆಗಳನ್ನು ಕೇಳಿ ಪಡೆಯಿರಿ. ಕೊಡಲು ಹಿಂಜರಿದರೆ ಅದರ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಮಾನ್ಯತೆಯ ವಿಷಯ ಬೇಗ ಮುಗಿಸಬಹುದು. ವಿಮಾನಯಾನ ಪದವಿಗಳಿಗೆಂದೇ ಎಎಬಿಐ ಎಂಬ ಅಂತರರಾಷ್ಟ್ರೀಯ ಮಾನ್ಯತಾ ಮಂಡಳಿಯಿದೆ, ಬ್ರಿಟನ್ನಿನಲ್ಲಿ ರಾಯಲ್ ಏರೊನಾಟಿಕಲ್ ಸೊಸೈಟಿ ಕೆಲವು ಪದವಿಗಳಿಗೆ ಮಾನ್ಯತೆ ಕೊಡುತ್ತದೆ, ಎಂ.ಬಿ.ಎ. ಆದರೆ ಎಎಸಿಎಸ್‌ಬಿ, ಈಕ್ವಿಸ್, ಆಂಬಾ ಮುದ್ರೆಗಳನ್ನು ನೋಡುತ್ತಾರೆ. ನೀವು ಮುಂದೆ ಕೆಲಸ ಮಾಡಬೇಕೆಂದಿರುವ ದೇಶದಲ್ಲಿ ಆ ಪದವಿಗೆ ತತ್ಸಮಾನ ಮಾನ್ಯತೆ ಸಿಗುತ್ತದೆಯೇ ಎಂಬುದನ್ನು ಶುಲ್ಕ ಕಟ್ಟುವ ಮೊದಲೇ ಬರವಣಿಗೆಯಲ್ಲಿ ಖಚಿತಪಡಿಸಿಕೊಳ್ಳಿ.

ನಾಲ್ಕನೆಯ ಹೆಜ್ಜೆ: ಅರ್ಜಿ

ಎಂಜಿನಿಯರಿಂಗ್, ವಿಜ್ಞಾನ, ವಾಣಿಜ್ಯ, ಮನಃಶಾಸ್ತ್ರ ಇವುಗಳಲ್ಲಿ ಯಾವ ಪದವಿಯಿದ್ದರೂ ನಿರ್ವಹಣೆಯ ಕೋರ್ಸುಗಳಿಗೆ ಪ್ರವೇಶ ಸಿಗುವುದು ಕಷ್ಟವಲ್ಲ. ಸುರಕ್ಷತೆ ಮತ್ತು ತನಿಖೆಯ ಕೋರ್ಸುಗಳಲ್ಲಿ ಕೆಲವು ಕ್ಷೇತ್ರಾನುಭವವನ್ನು ಕೇಳುತ್ತವೆ. ಇಂಗ್ಲಿಷ್ ಮಾತೃಭಾಷೆಯಲ್ಲದವರಿಗೆ ಭಾಷಾ ಪರೀಕ್ಷೆ ಇರುತ್ತದೆ, ಐಇಎಲ್‌ಟಿಎಸ್‌ನಲ್ಲಿ 6.5ರ ಆಸುಪಾಸಿನ ಅಂಕ ಕೇಳುವುದು ಸಾಮಾನ್ಯ.

ಅರ್ಜಿಯಲ್ಲಿ ನಿಜವಾಗಿ ತೂಗುವುದು ಉದ್ದೇಶ ಪತ್ರ. "ಬಾಲ್ಯದಿಂದಲೂ ವಿಮಾನಗಳೆಂದರೆ ನನಗೆ ಅಪಾರ ಆಸಕ್ತಿ" ಎಂದು ಆರಂಭವಾಗುವ ಪತ್ರಗಳನ್ನು ಓದಿ ಓದಿ ಆಯ್ಕೆ ಸಮಿತಿಯವರು ಬೇಸತ್ತಿರುತ್ತಾರೆ. ಅದರ ಬದಲು ಹೀಗೆ ಬರೆದರೆ ಹೇಗಿರುತ್ತದೆ ನೋಡಿ: "ವಿಮಾನಗಳು ನಿಲ್ಲುವ ಅಂಗಳದಲ್ಲಿ (ಏಪ್ರನ್) ಸಾಮಾನು ಸಾಗಿಸುವ ವಾಹನ ವಿಮಾನಕ್ಕೆ ತಗುಲಿದ ಘಟನೆಗಳು ಪಾಳಿ ಬದಲಾಗುವ ಹೊತ್ತಿನಲ್ಲಿ ಕಡಿಮೆ ವರದಿಯಾಗುತ್ತವೆ. ಆ ಹೊತ್ತಿನಲ್ಲಿ ಘಟನೆಗಳೇ ಕಡಿಮೆಯೋ, ವರದಿ ಮಾಡುವುದು ಯಾರ ಹೊಣೆ ಎಂಬ ಗೊಂದಲವೋ ಎಂಬುದನ್ನು ಅಧ್ಯಯನ ಮಾಡಬೇಕೆಂದಿದ್ದೇನೆ." ಇದರಲ್ಲಿ ಒಂದು ಜಾಗವಿದೆ, ಒಂದು ಅನುಮಾನವಿದೆ, ಪರೀಕ್ಷಿಸಬಹುದಾದ ಎರಡು ವಿವರಣೆಗಳಿವೆ. ಅನುಭವವಿಲ್ಲದ ಹೊಸ ಪದವೀಧರರೂ ಬಹಿರಂಗ ವರದಿಗಳನ್ನು ಓದಿ ಇಂಥ ಪ್ರಶ್ನೆ ಕೇಳಬಹುದು.

ಐದನೆಯ ಹೆಜ್ಜೆ: ತರಗತಿ ಆರಂಭವಾಗುವ ಮುನ್ನ

ಮೂರು ಕಡೆ ತಳಪಾಯ ಹಾಕಿಕೊಳ್ಳಬೇಕು: ಕಾನೂನು, ಲೆಕ್ಕ, ಹಣ.

ಕಾನೂನಿನ ಬೇರು 1944ರ ಡಿಸೆಂಬರ್ 7ರಂದು ಸಹಿಯಾದ ಷಿಕಾಗೊ ಒಪ್ಪಂದ. ಅದರಿಂದ ಹುಟ್ಟಿದ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ, ಅಂದರೆ ಐಸಿಎಒ, ಮಾಂಟ್ರಿಯಲ್‌ನಲ್ಲಿದೆ. 193 ಸದಸ್ಯ ರಾಷ್ಟ್ರಗಳು. ಒಪ್ಪಂದಕ್ಕೆ 19 ಅನುಬಂಧಗಳಿವೆ. ಎಲ್ಲವನ್ನೂ ಓದಲು ಹೋಗಬೇಡಿ. 13ನೆಯದು ಅಪಘಾತ ತನಿಖೆಗೆ, 19ನೆಯದು ಸುರಕ್ಷತಾ ನಿರ್ವಹಣೆಗೆ ಸಂಬಂಧಿಸಿದ್ದು, ಇವೆರಡು ಸಾಕು. ತನಿಖೆಯ ಏಕೈಕ ಉದ್ದೇಶ ಮುಂದಿನ ಅಪಘಾತವನ್ನು ತಡೆಯುವುದು, ಯಾರ ಮೇಲೂ ತಪ್ಪು ಹೊರಿಸುವುದಲ್ಲ ಎಂದು 13ನೆಯ ಅನುಬಂಧ ಸ್ಪಷ್ಟವಾಗಿ ಹೇಳುತ್ತದೆ. ಮುಂದೆ ನೀವು ಬರೆಯುವ ಪ್ರತಿ ವಿಶ್ಲೇಷಣೆಯ ಧಾಟಿಯನ್ನೂ ಇದೇ ನಿರ್ಧರಿಸುತ್ತದೆ. 19ನೆಯದು 2013ರಲ್ಲಿ ಜಾರಿಗೆ ಬಂತು. ಸುರಕ್ಷತಾ ನೀತಿ, ರಿಸ್ಕ್ ನಿರ್ವಹಣೆ, ಖಾತರಿ, ಪ್ರಚಾರ ಎಂಬ ನಾಲ್ಕು ಕಂಬಗಳು ಅದರಲ್ಲಿ ಬರುತ್ತವೆ. ಇದನ್ನು ವಿವರಿಸುವ ಐಸಿಎಒ ಕೈಪಿಡಿಯ ಸಂಖ್ಯೆ 9859. 2018ರ ನಾಲ್ಕನೆಯ ಆವೃತ್ತಿಯನ್ನು ಓದಿ.

ಲೆಕ್ಕದ ವಿಷಯದಲ್ಲಿ ಎಡವುವವರು ಹೆಚ್ಚು, ಹಾಗಾಗಿ ಒಂದು ಉದಾಹರಣೆ. ಒಂದು ಸಣ್ಣ ವಿಮಾನ ಸಂಸ್ಥೆ 30,000 ಹಾರಾಟಗಳನ್ನು ಒಂದೂ ಅಪಘಾತವಿಲ್ಲದೆ ಪೂರೈಸಿದೆ ಎಂದುಕೊಳ್ಳಿ. ಅದು ಸುರಕ್ಷಿತ ಸಂಸ್ಥೆಯೇ? ಸಂಖ್ಯಾಶಾಸ್ತ್ರದಲ್ಲಿ ಮೂರರ ನಿಯಮವೊಂದಿದೆ: ಘಟನೆ ಒಂದೂ ನಡೆಯದಿದ್ದಾಗ, ಶೇ 95ರ ವಿಶ್ವಾಸದಲ್ಲಿ ಅದರ ಗರಿಷ್ಠ ಸಂಭವನೀಯತೆ ಸುಮಾರು ಮೂರನ್ನು ಒಟ್ಟು ಪ್ರಯತ್ನಗಳಿಂದ ಭಾಗಿಸಿದಷ್ಟು. ಇಲ್ಲಿ 30,000ಕ್ಕೆ ಮೂರು, ಅಂದರೆ 10,000ಕ್ಕೆ ಒಂದು, ಅಂದರೆ ಹತ್ತು ಲಕ್ಷಕ್ಕೆ ನೂರು. ಜಗತ್ತಿನ ನಿಗದಿತ ವಾಣಿಜ್ಯ ಹಾರಾಟಗಳಲ್ಲಿ ಅಪಘಾತದ ಪ್ರಮಾಣ ಈಚಿನ ವರ್ಷಗಳಲ್ಲಿ ಹತ್ತು ಲಕ್ಷ ಹಾರಾಟಕ್ಕೆ ಎರಡು-ಮೂರರ ಆಸುಪಾಸಿನಲ್ಲಿದೆ. ಸೊನ್ನೆ ಅಪಘಾತದ ಈ ದಾಖಲೆ, ಸಂಸ್ಥೆ ಜಾಗತಿಕ ಸರಾಸರಿಗಿಂತ ಹಲವು ಪಟ್ಟು ಕೆಟ್ಟದ್ದಾಗಿರುವ ಸಾಧ್ಯತೆಯನ್ನೂ ತಳ್ಳಿಹಾಕುವುದಿಲ್ಲ! ಅಪಘಾತ ಎಣಿಸಿ ಸುರಕ್ಷತೆ ಅಳೆಯಲಾಗದು. ಆದ್ದರಿಂದಲೇ ಅಸ್ಥಿರ ಇಳಿಯುವಿಕೆ, ರನ್‌ವೇ ಅತಿಕ್ರಮಣ, ತಪ್ಪಿಹೋದ ತಪಾಸಣೆಗಳಂಥ ಸಣ್ಣ ಸೂಚಕಗಳ ಹಿಂದೆ ಈ ಶಾಸ್ತ್ರ ಬಿದ್ದಿದೆ. ಸಂಭವನೀಯತೆ, ವಿರಳ ಘಟನೆಗಳ ಎಣಿಕೆಗೆ ಬಳಸುವ ಪಾಸಾನ್ ವಿತರಣೆ, ವಿಶ್ವಾಸ ಅಂತರ, ಹಿಂಚಲನೆ (ರಿಗ್ರೆಶನ್) ಇಷ್ಟನ್ನು ಗಟ್ಟಿಮಾಡಿಕೊಂಡು, ಆರ್ ಅಥವಾ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಯಾವುದಾದರೂ ಒಂದರಲ್ಲಿ ಕೈ ಪಳಗಿಸಿಕೊಳ್ಳಿ.

ಹಣದ ಭಾಗ ಅಷ್ಟು ಕಠಿಣವಲ್ಲ. 180 ಆಸನಗಳ ವಿಮಾನ 1,000 ಕಿ.ಮೀ. ಹಾರಿದರೆ 1,80,000 ಆಸನ-ಕಿಲೋಮೀಟರ್ ಉತ್ಪಾದನೆ. 144 ಜನ ಕುಳಿತಿದ್ದರೆ ಭರ್ತಿ ಪ್ರಮಾಣ ಶೇ 80. ಆಸನ ತುಂಬಿದ ಮಾತ್ರಕ್ಕೆ ಲಾಭ ಬರುವುದಿಲ್ಲ. ಪ್ರತಿ ಆಸನ-ಕಿಲೋಮೀಟರಿಗೆ ಸಿಗುವ ಆದಾಯ ಮತ್ತು ತಗಲುವ ವೆಚ್ಚ ನೋಡಬೇಕು. ಯಾವುದಾದರೂ ವಿಮಾನ ಸಂಸ್ಥೆಯ ವಾರ್ಷಿಕ ವರದಿ ತೆರೆದು ಈ ಅಂಕಿಗಳನ್ನು ನೀವೇ ಲೆಕ್ಕ ಹಾಕಿ.

ಆರನೆಯ ಹೆಜ್ಜೆ: ಕೋರ್ಸಿನ ಒಳಗೆ

ಮೊದಲ ಸೆಮಿಸ್ಟರಿನಲ್ಲೇ ಅಪಾಯಗಳನ್ನು ಪಟ್ಟಿ ಮಾಡುವ ಅಭ್ಯಾಸ ಕೊಡುತ್ತಾರೆ, ಬಹುತೇಕರು ಅಲ್ಲೇ ಎಡವುತ್ತಾರೆ. "ಹಕ್ಕಿ ಎಂಜಿನ್ನಿಗೆ ನುಗ್ಗುವುದು" ಎಂದು ಅಪಾಯದ ಮೂಲದ ಅಂಕಣದಲ್ಲಿ ಬರೆದುಬಿಡುತ್ತಾರೆ. ಅದು ಮೂಲವಲ್ಲ, ಪರಿಣಾಮ. ರನ್‌ವೇ ಅಂಚಿನ ಹುಲ್ಲು ಕತ್ತರಿಸಿದಾಗ ಕೀಟಗಳು ಬಯಲಿಗೆ ಬೀಳುತ್ತವೆ, ಅವನ್ನು ತಿನ್ನಲು ಹಕ್ಕಿಗಳು ಗುಂಪುಗೂಡುತ್ತವೆ: ಮೂಲ ಇಲ್ಲಿದೆ. ಹೀಗೆ ಬರೆದಾಗ ಮಾಡಬೇಕಾದ ಕೆಲಸವೂ ಕಣ್ಣೆದುರು ನಿಲ್ಲುತ್ತದೆ. ಹಾರಾಟ ದಟ್ಟವಾಗಿರುವ ಹೊತ್ತಿಗೆ ಮುನ್ನ ಕತ್ತರಿಸಬೇಡಿ. ಹುಲ್ಲಿನ ಎತ್ತರ ನಿಗದಿ ಮಾಡಿ. ಕತ್ತರಿಸುವ ದಿನ ವಾಯು ಸಂಚಾರ ನಿಯಂತ್ರಣ ಗೋಪುರಕ್ಕೆ ತಿಳಿಸಿ. ಆಮೇಲೆ ಹತ್ತು ಸಾವಿರ ಹಾರಾಟಗಳಿಗೆ ಎಷ್ಟು ಹಕ್ಕಿ ಡಿಕ್ಕಿ ಎಂದು ಎಣಿಸಿ, ಕ್ರಮ ಫಲಿಸಿತೇ ನೋಡಿ. ಹುಲ್ಲು ಕತ್ತರಿಸುವ ಗುತ್ತಿಗೆದಾರ ಹಗಲು ಮಾತ್ರ ಬರುತ್ತಾನೆ, ರಾತ್ರಿ ಕೆಲಸಕ್ಕೆ ಹೆಚ್ಚು ಕೇಳುತ್ತಾನೆ ಎಂದಾದರೆ? ಅಲ್ಲಿಗೆ ಸುರಕ್ಷತೆಯ ಪಾಠ ನಿರ್ವಹಣೆಯ ಪಾಠವಾಯಿತು.

ಸಂಭವನೀಯತೆಯನ್ನು ಒಂದು ಬದಿಗೆ, ತೀವ್ರತೆಯನ್ನು ಇನ್ನೊಂದು ಬದಿಗೆ ಇಟ್ಟು ಬಣ್ಣ ಹಚ್ಚುವ ಐದೈದರ ರಿಸ್ಕ್ ಕೋಷ್ಟಕವನ್ನೂ ಕಲಿಸುತ್ತಾರೆ. ಕಲಿಯಿರಿ, ಆದರೆ ಪೂಜಿಸಬೇಡಿ. ಇಬ್ಬರು ಅನುಭವಿಗಳು ಒಂದೇ ಅಪಾಯವನ್ನು ಎರಡು ಚೌಕಗಳಲ್ಲಿ ಇಡುವುದು ನಿತ್ಯದ ಮಾತು; ಅವರು ಏಕೆ ಒಪ್ಪುವುದಿಲ್ಲ ಎಂಬ ಚರ್ಚೆಯಲ್ಲಿ ಹೊರಬೀಳುವ ಮಾಹಿತಿ ಚೌಕದ ಬಣ್ಣಕ್ಕಿಂತ ಬೆಲೆಯುಳ್ಳದ್ದು.

ಸಿದ್ಧಾಂತಗಳ ವಿಷಯದಲ್ಲಿ ಪಕ್ಷ ಹಿಡಿಯಲು ಅವಸರ ಬೇಡ. ರಕ್ಷಣಾ ಪದರಗಳಲ್ಲಿನ ತೂತುಗಳು ಒಂದೇ ಸಾಲಿಗೆ ಬಂದಾಗ ಅಪಘಾತ ಎನ್ನುವ ಜೇಮ್ಸ್ ರೀಸನ್ ಅವರ ಮಾದರಿ ಎಲ್ಲ ಕಡೆ ಸಿಗುತ್ತದೆ. ಪ್ರತಿ ಭಾಗವೂ ತನ್ನ ಕೆಲಸ ಸರಿಯಾಗಿ ಮಾಡಿದರೂ ಅವುಗಳ ಪರಸ್ಪರ ವರ್ತನೆಯಿಂದಲೇ ಅಪಘಾತ ಹುಟ್ಟಬಹುದು ಎಂಬುದು ನ್ಯಾನ್ಸಿ ಲೆವ್ಸನ್ ಅವರ ವಾದ. ತಪ್ಪುಗಳನ್ನಷ್ಟೇ ಅಲ್ಲ, ಪ್ರತಿದಿನ ಕೆಲಸ ಏಕೆ ಸರಿಯಾಗಿ ನಡೆಯುತ್ತದೆ ಎಂಬುದನ್ನೂ ಅಧ್ಯಯನ ಮಾಡಿ ಎನ್ನುವುದು ಎರಿಕ್ ಹೋಲ್‌ನಾಗಲ್ ಅವರ ನಿಲುವು. ಒಂದೇ ಅಪಘಾತವನ್ನು ಎರಡು ಮಾದರಿಗಳಿಂದ ವಿಶ್ಲೇಷಿಸಿ. 2018 ಮತ್ತು 2019ರಲ್ಲಿ ಒಟ್ಟು 346 ಜನರನ್ನು ಬಲಿ ತೆಗೆದುಕೊಂಡ ಬೋಯಿಂಗ್ 737 ಮ್ಯಾಕ್ಸ್ ಪ್ರಕರಣಗಳನ್ನು ತೂತುಗಳ ಮಾದರಿಯಲ್ಲಿ ಬಿಡಿಸಲು ಹೊರಟರೆ ಅದು ಎಲ್ಲಿ ಸಾಲದಾಗುತ್ತದೆ ಎಂಬುದು ನಿಮಗೇ ತಿಳಿಯುತ್ತದೆ.

ಸ್ಪೇನಿನ ಟೆನೆರಿಫ್ ದ್ವೀಪದಲ್ಲಿ 1977ರ ಮಾರ್ಚ್ 27ರಂದು ನಡೆದ ಅಪಘಾತ ಯಾವ ಕೋರ್ಸಿನಲ್ಲೂ ತಪ್ಪುವುದಿಲ್ಲ. ಮಂಜಿನಲ್ಲಿ ಎರಡು ಬೋಯಿಂಗ್ 747ಗಳು ರನ್‌ವೇ ಮೇಲೆ ಡಿಕ್ಕಿಯಾಗಿ 583 ಜನ ಸತ್ತರು. ಮೇಲೇರಲು ಹೊರಟಿದ್ದ ವಿಮಾನದ ಕ್ಯಾಪ್ಟನ್‌ನ ದರ್ಪ ಎಂದು ಒಂದೇ ಸಾಲಿನಲ್ಲಿ ಮುಗಿಸುವ ಪ್ರಬಂಧಗಳು ಕಡಿಮೆ ಅಂಕ ಪಡೆಯುತ್ತವೆ. ಬಾಂಬ್ ಬೆದರಿಕೆಯಿಂದ ಸಣ್ಣ ನಿಲ್ದಾಣಕ್ಕೆ ತಿರುಗಿಬಂದ ವಿಮಾನಗಳ ಜಂಗುಳಿ, ಸಿಬ್ಬಂದಿಯ ಕರ್ತವ್ಯಾವಧಿಯ ಕಟ್ಟುನಿಟ್ಟು, ಒಂದರ ಮೇಲೊಂದು ಬಿದ್ದು ಕೇಳದೆಹೋದ ರೇಡಿಯೊ ಮಾತು, ಇವೆಲ್ಲ ನಿಮ್ಮ ಬರಹದಲ್ಲಿ ಬರಬೇಕು. 1979ರಲ್ಲಿ ನಾಸಾ ಏರ್ಪಡಿಸಿದ ಕಾರ್ಯಾಗಾರದಿಂದ ಬೆಳೆದ ಕಾಕ್‌ಪಿಟ್ ಸಂಪನ್ಮೂಲ ನಿರ್ವಹಣೆಯ, ಅಂದರೆ ಸಿಬ್ಬಂದಿ ಒಬ್ಬರಿಗೊಬ್ಬರು ಮಾತಾಡಿಕೊಂಡು ಒಟ್ಟಾಗಿ ಕೆಲಸ ಮಾಡುವ, ತರಬೇತಿಗೆ ಹಿನ್ನೆಲೆ ಇಂಥ ಅಪಘಾತಗಳೇ.

ಏಳನೆಯ ಹೆಜ್ಜೆ: ಪ್ರಬಂಧ

"ವಿಮಾನಯಾನ ಸುರಕ್ಷತೆಯಲ್ಲಿ ಮಾನವ ಅಂಶಗಳು" ಎಂಬುದು ವಿಷಯವಲ್ಲ, ಗ್ರಂಥಾಲಯದ ಒಂದು ಕಪಾಟು. ಒಂದು ಬಗೆಯ ಕಾರ್ಯಾಚರಣೆ, ಒಂದು ಬಗೆಯ ಘಟನೆ, ಒಂದು ಪ್ರಶ್ನೆ. ಇದಕ್ಕಿಂತ ಅಗಲಕ್ಕೆ ಹೋಗಬೇಡಿ.

ವಿಷಯಕ್ಕಿಂತ ಮೊದಲು ದತ್ತಾಂಶ ಎಲ್ಲಿಂದ ಎಂದು ಯೋಚಿಸಿ. ವಿಮಾನ ಸಂಸ್ಥೆಗಳ ಹಾರಾಟ ದತ್ತಾಂಶ ಹೊರಗಿನವರಿಗೆ ಸಿಗುವುದು ದುರ್ಲಭ. ಪೈಲಟ್‌ಗಳೊಂದಿಗಿನ ಒಪ್ಪಂದಗಳು ಅದನ್ನು ಕಾಯುತ್ತವೆ, ಕಾಯಬೇಕು ಕೂಡ. ಸ್ವಂತ ಸಂಸ್ಥೆಯದೇ ಮಾಹಿತಿ ಬಳಸುವುದಾದರೆ ಅನುಮತಿಯನ್ನು ಬರವಣಿಗೆಯಲ್ಲಿ ಪಡೆಯಿರಿ. ಬಾಯಿಮಾತಿನ ಒಪ್ಪಿಗೆ ಕೊಟ್ಟ ಅಧಿಕಾರಿ ವರ್ಗವಾಗಿ ಹೋದರೆ ಪ್ರಬಂಧವೂ ಅವರ ಹಿಂದೆಯೇ ಹೋಗುತ್ತದೆ.

ಎಲ್ಲರಿಗೂ ತೆರೆದಿರುವ ಗಣಿ ಎಂದರೆ ನಾಸಾ ನಡೆಸುವ ಎಎಸ್‌ಆರ್‌ಎಸ್, 1976ರಿಂದ ನಡೆದು ಬಂದಿರುವ ಗೌಪ್ಯ ಸ್ವಯಂವರದಿ ವ್ಯವಸ್ಥೆ. ಹೆಸರು ಅಳಿಸಿದ ವರದಿಗಳನ್ನು ಅಲ್ಲಿ ಯಾರೂ ಹುಡುಕಿ ಓದಬಹುದು. ಅಪಘಾತ ತನಿಖಾ ಸಂಸ್ಥೆಗಳಾದ ಅಮೆರಿಕದ ಎನ್‌ಟಿಎಸ್‌ಬಿ, ಫ್ರಾನ್ಸಿನ ಬಿಇಎ, ಬ್ರಿಟನ್ನಿನ ಎಎಐಬಿಗಳ ವರದಿಗಳೂ ಮುಕ್ತ. ಆದರೆ ಒಂದು ಬಲೆಯಿದೆ: ಎಎಸ್‌ಆರ್‌ಎಸ್‌ಗೆ ಬರೆಯುವುದು ಬರೆಯಬೇಕೆನಿಸಿದವರು. ಅಲ್ಲಿನ ವರದಿಗಳ ಸಂಖ್ಯೆ ಏರಿದರೆ ಘಟನೆಗಳು ಏರಿದವೆಂದಲ್ಲ, ಬರೆಯುವವರು ಹೆಚ್ಚಿರಬಹುದು. ಹಾಗಾಗಿ "ಶೇಕಡಾ ಎಷ್ಟು ಹಾರಾಟಗಳಲ್ಲಿ" ಎಂಬ ಪ್ರಶ್ನೆಗೆ ಅದು ಉತ್ತರಿಸಲಾರದು. "ಜನ ಇದನ್ನು ಹೇಗೆ ವಿವರಿಸುತ್ತಾರೆ, ಯಾವ ಸಂದರ್ಭಗಳು ಜೊತೆಜೊತೆಗೆ ಬರುತ್ತವೆ" ಎಂಬುದಕ್ಕೆ ಚೆನ್ನಾಗಿ ಉತ್ತರಿಸುತ್ತದೆ. ವರದಿಗಳನ್ನು ವರ್ಗೀಕರಿಸುವಾಗ ಒಂದಷ್ಟನ್ನು ಸಹಪಾಠಿಯೊಬ್ಬರಿಂದಲೂ ಸ್ವತಂತ್ರವಾಗಿ ವರ್ಗೀಕರಿಸಿ, ಹೊಂದಾಣಿಕೆ ಎಷ್ಟೆಂದು ಕಪ್ಪಾ ಸೂಚ್ಯಂಕದಿಂದ ತೋರಿಸಿ. ಮೌಖಿಕ ಪರೀಕ್ಷೆಯಲ್ಲಿ ಇದು ನಿಮ್ಮನ್ನು ಕಾಪಾಡುತ್ತದೆ.

ಸಂದರ್ಶನ ಆಧಾರಿತ ಅಧ್ಯಯನವಾದರೆ ನೈತಿಕ ಸಮಿತಿಯ ಒಪ್ಪಿಗೆಗೆ ವಾರಗಟ್ಟಲೆ ಹಿಡಿಯುತ್ತದೆ. ಅರ್ಜಿಯನ್ನು ಮೊದಲೇ ಹಾಕಿ. ತನ್ನ ತಪ್ಪನ್ನು ನಿಮಗೆ ಹೇಳಿಕೊಂಡ ತಂತ್ರಜ್ಞ ಯಾರೆಂದು ನಿಮ್ಮ ಪ್ರಬಂಧದಿಂದ ಅವನ ಮೇಲಧಿಕಾರಿ ಊಹಿಸುವಂತಿರಬಾರದು. ಹೆಸರು ಅಳಿಸಿದರೆ ಸಾಲದು, ಪಾಳಿ, ವಿಮಾನದ ಮಾದರಿ, ತಿಂಗಳು ಸೇರಿದರೂ ಆಳು ಸಿಕ್ಕಿಬೀಳುತ್ತಾನೆ.

ಕೆಲಸ ಹುಡುಕುವಾಗ

ವಿಮಾನ ಸಂಸ್ಥೆ, ನಿಲ್ದಾಣ, ದುರಸ್ತಿ ಸಂಸ್ಥೆ, ನಿಯಂತ್ರಣ ಪ್ರಾಧಿಕಾರ, ವಿಮಾನ ಗುತ್ತಿಗೆ ಮತ್ತು ವಿಮಾ ಸಂಸ್ಥೆಗಳಲ್ಲಿ ಸುರಕ್ಷತಾ ವಿಶ್ಲೇಷಕ, ತಪಾಸಕ, ಮಾರ್ಗ ಯೋಜಕ, ಕಾರ್ಯಾಚರಣೆ ಅಧಿಕಾರಿಗಳಂಥ ಹುದ್ದೆಗಳಿವೆ. ತನಿಖಾ ಸಂಸ್ಥೆಗಳು ಸಾಮಾನ್ಯವಾಗಿ ಪೈಲಟ್ ಅಥವಾ ಎಂಜಿನಿಯರ್ ಅನುಭವವನ್ನು ಕೇಳುವುದರಿಂದ ಪದವಿ ಮುಗಿದ ಕೂಡಲೇ ತನಿಖಾಧಿಕಾರಿ ಆಗುವ ಕನಸನ್ನು ಕೆಲ ವರ್ಷ ಮುಂದಕ್ಕೆ ಹಾಕಬೇಕಾಗುತ್ತದೆ.

ಸುರಕ್ಷತೆಯ ಹುದ್ದೆಗೆ ಸಂದರ್ಶನಕ್ಕೆ ಹೋದಾಗ ನೀವೂ ಎರಡು ಪ್ರಶ್ನೆ ಕೇಳಿ. ಸುರಕ್ಷತಾ ವ್ಯವಸ್ಥಾಪಕರು ಯಾರಿಗೆ ವರದಿ ಮಾಡುತ್ತಾರೆ: ಸಂಸ್ಥೆಯ ಹೊಣೆ ಹೊತ್ತ ಉನ್ನತ ಅಧಿಕಾರಿಗೆ ನೇರವಾಗಿಯೋ, ಅಥವಾ ಹಾರಾಟ ಸಮಯಕ್ಕೆ ಸರಿಯಾಗಿ ಹೊರಡುವಂತೆ ನೋಡಿಕೊಳ್ಳಬೇಕಾದ ಕಾರ್ಯಾಚರಣೆ ಮುಖ್ಯಸ್ಥರಿಗೋ? ಮತ್ತು, ಸಿಬ್ಬಂದಿ ಸ್ವಯಂಪ್ರೇರಿತವಾಗಿ ಕೊಟ್ಟ ವರದಿಯೊಂದರಿಂದ ಈ ವರ್ಷ ಏನು ಬದಲಾಯಿತು? ಎರಡನೆಯದಕ್ಕೆ ತಟ್ಟನೆ ಒಂದು ಉದಾಹರಣೆ ಬಂದರೆ ಸಂಬಳದ ಮಾತಿಗೆ ಮುಂದುವರಿಯಬಹುದು.